ಸೊಂಟದಲ್ಲಿ ಸಣ್ಣ ರಿವಾಲ್ವರ್: ಕಾಸರಗೋಡು ಗಡಿಯವರಿಗೆ ಲೈಸೆನ್ಸ್‌ನಿಂದ ಹೋಲ್‌ಸ್ಟರ್ ತನಕ

ನಮ್ದು ಅಡಿಕೆ ವ್ಯಾಪಾರ, ಪೆರ್ಲದಿಂದ ಸ್ವಲ್ಪ ಒಳಗೆ. ಅಪ್ಪನ ಕಾಲದಲ್ಲಿ ಎಲ್ಲ ನಗದು, ಸಂಜೆ ಅಂಗಡಿ ಹಾಕಿ ಬರುವಾಗ ಚೀಲದಲ್ಲಿ ದುಡ್ಡು, ದಾರಿಯುದ್ದ ಗುಡ್ಡೆ, ಒಂದು ಬೀದಿದೀಪ ಇಲ್ಲ, ಹಾಗಾಗಿ ಅವ್ರು ಆಗಲೇ ಒಂದು ಪಾಯಿಂಟ್ 32 ರಿವಾಲ್ವರ್ ತಗೊಂಡಿದ್ರು. ಅವ್ರಿಗೆ ಎಪ್ಪತ್ತಾದ ಮೇಲೆ ಅದು ನನ್ನ ಹೆಸರಿಗೆ ಬಂತು. ಈಗ ವಾರಕ್ಕೊಬ್ರು ಕೇಳ್ತಾರೆ, ಭಾವ, ನನಗೂ ಒಂದು ಮಾಡಿಸ್ಲಿಕ್ಕಾಗ್ತದಾ, ಎಷ್ಟು ಖರ್ಚು, ಹೇಗೆ ಇಟ್ಕೊಳ್ಳುದು ಅಂತ. ಪ್ರತಿಯೊಬ್ಬರಿಗೂ ಫೋನಲ್ಲಿ ಹೇಳಿ ಹೇಳಿ ಸಾಕಾಯ್ತು, ಅದಕ್ಕೆ ಒಮ್ಮೆ ಕೂತು ಬರೀತಾ ಇದ್ದೇನೆ.

ನಮ್ಮ ಕಡೆ ಬೆಡಿ ಅಂದ್ರೆ ಕೋವಿಯೂ ಹೌದು, ಕುಂಬಳೆ ಜಾತ್ರೆಯ ಸುಡುಮದ್ದೂ ಹೌದು. ಅದಕ್ಕೋ ಏನೋ ಜನ ಎರಡನ್ನೂ ಒಂದೇ ಹುರುಪಲ್ಲಿ ನೋಡ್ತಾರೆ. ರಿವಾಲ್ವರ್ ಹಾಗಲ್ಲ, ಇದು ಸದ್ದಿಲ್ಲದೆ ಇರ್ಬೇಕಾದ ವಸ್ತು.

ಮೊದ್ಲು: ನಿಜವಾಗ್ಲೂ ಬೇಕಾ?

ಹಂದಿ ಕಾಟಕ್ಕೆ ಬೇಕು ಅಂತಾದ್ರೆ ರಿವಾಲ್ವರ್ ಕೆಲ್ಸಕ್ಕೆ ಬಾರದು. ಅದಕ್ಕೆ ಬೆಳೆ ರಕ್ಷಣೆಯ ಲೈಸೆನ್ಸ್ ಬೇರೆ, ಉದ್ದ ಕೋವಿ ಬೇರೆ. 2022ರ ಮೇ ತಿಂಗಳಲ್ಲಿ ಕೇರಳ ಸರಕಾರ ಹಂದಿ ಕೊಲ್ಲುವ ಪರ್ಮಿಶನ್ ಕೊಡ್ಲಿಕ್ಕೆ ಪಂಚಾಯತ್ ಅಧ್ಯಕ್ಷರಿಗೆ ಅಧಿಕಾರ ಕೊಟ್ಟದ್ದು ಆ ಕೋವಿಯವರ ವಿಷಯ. ನಗದು ಸಾಗಿಸುವ ಹೆದರಿಕೆ ಅಂತಾದ್ರೆ ಮೊದ್ಲು ನಗದು ಕಡಿಮೆ ಮಾಡಿ. ಕ್ಯಾಂಪ್ಕೊಗೆ ಹಾಕಿದ ಅಡಿಕೆಯ ದುಡ್ಡು ಬ್ಯಾಂಕಿಗೇ ಬೀಳ್ತದೆ, ಅದಕ್ಕೆ ರಿವಾಲ್ವರ್ ಕಾವಲು ಬೇಡ. ಇಷ್ಟು ಮಾಡಿಯೂ ವ್ಯಾಪಾರದಿಂದಲೋ ಜಾಗದಿಂದಲೋ ಪ್ರಾಣಕ್ಕೆ ಭಯ ಉಂಟು, ಹಿಂದೆ ಬೆದರಿಕೆ ಬಂದು ಸ್ಟೇಶನ್‌ನಲ್ಲಿ ದೂರು ಕೊಟ್ಟದ್ದುಂಟು ಅಂತಾದ್ರೆ ಮುಂದೆ ಓದಿ. ಆ ದೂರಿನ ಪ್ರತಿಯೇ ನಿಮ್ಮ ಅರ್ಜಿಯ ಜೀವ.

ಮನೆಯಲ್ಲಿ ಕುಡಿತ ಉಂಟು, ದಿನಾ ಜಗಳ, ಅಥವಾ ಯಾರಾದ್ರೂ ಮನಸ್ಸು ಕುಗ್ಗಿ ಕೂತಿದ್ದಾರೆ ಅಂತಾದ್ರೆ ಬೇಡವೇ ಬೇಡ. ಇದನ್ನು ನಾನು ಮುಖ ನೋಡಿಯೇ ಹೇಳ್ತೇನೆ, ಕೆಲವರಿಗೆ ಬೇಜಾರಾಗಿದೆ.

ಲೈಸೆನ್ಸ್

ಕಾನೂನು 1959ರ ಆರ್ಮ್ಸ್ ಆಕ್ಟ್, ನಿಯಮಗಳು 2016ರದ್ದು. ವಯಸ್ಸು 21 ತುಂಬಿರ್ಬೇಕು. ನಮ್ಮಲ್ಲಿ ಕೊಡುವವರು ಜಿಲ್ಲಾ ಮ್ಯಾಜಿಸ್ಟ್ರೇಟ್, ಅಂದ್ರೆ ವಿದ್ಯಾನಗರದ ಕಲೆಕ್ಟರೇಟಿಗೇ ಹೋಗ್ಬೇಕು. ಮಂಗಳೂರು ಸಿಟಿಯಲ್ಲಿ ಇರುವವರಿಗೆ ಪೊಲೀಸ್ ಕಮಿಷನರ್ ಆಫೀಸು, ಅಲ್ಲಿಯ ನಂಟರ ಅನುಭವ ಕೇಳಿ ಇಲ್ಲಿ ಅರ್ಜಿ ಹಾಕ್ಲಿಕ್ಕೆ ಹೋಗ್ಬೇಡಿ.

ಅರ್ಜಿ ಫಾರ್ಮ್ ಎ-1. ಆಧಾರ್, ವಾಸದ ದಾಖಲೆ, ಹುಟ್ಟಿದ ತಾರೀಕಿನ ದಾಖಲೆ, ಫೋಟೋ, ದೇಹ-ಮನಸ್ಸು ಎರಡೂ ಸರಿ ಉಂಟು ಅಂತ ಡಾಕ್ಟರ ಸರ್ಟಿಫಿಕೇಟ್, ಮನೆಯಲ್ಲಿ ಭದ್ರವಾಗಿ ಇಡ್ತೇನೆ ಅಂತ ಮುಚ್ಚಳಿಕೆ. ಮತ್ತೆ ಎಸ್-1 ಅಂತ ಒಂದು ಉಂಟು, ಆಯುಧ ಸುರಕ್ಷತೆಯ ತರಬೇತಿ ಮುಗಿಸಿದ ಸರ್ಟಿಫಿಕೇಟ್, ಅದನ್ನು ಜನ ಕೊನೆಗೆ ನೆನಪು ಮಾಡ್ತಾರೆ ಮತ್ತೆ ಓಡ್ತಾರೆ. ಮೊದ್ಲೇ ಮಾಡಿಸಿ ಇಡಿ. ಯಾಕೆ ಬೇಕು ಅನ್ನುವ ಜಾಗದಲ್ಲಿ "ಸ್ವರಕ್ಷಣೆಗೆ" ಅಂತ ಒಂದೇ ಶಬ್ದ ಬರೆದ್ರೆ ಆಗುದಿಲ್ಲ. ಎಂತ ವ್ಯಾಪಾರ, ಯಾವ ದಾರಿ, ಯಾವ ಹೊತ್ತಿಗೆ, ಯಾವಾಗ ಎಂತ ಆಯ್ತು, ಅದಕ್ಕೆ ಕಾಗದ ಎಲ್ಲಿ ಉಂಟು, ಇಷ್ಟೂ ಬರೀರಿ. ವ್ಯಾಪಾರ-ವೃತ್ತಿಯ ಕಾರಣಕ್ಕೆ ಜೀವ, ಆಸ್ತಿ ಕಾಪಾಡುವ ನಿಜವಾದ ಅಗತ್ಯ ಇರುವವರನ್ನು ಪರಿಗಣಿಸ್ಬೇಕು ಅಂತ 2016ರ ನಿಯಮದಲ್ಲೇ ಇರುದು, ನಿಮ್ಮ ಬರಹ ಅದಕ್ಕೆ ಸರಿ ಕೂರ್ಬೇಕು ಅಷ್ಟೆ.

ಮತ್ತೆ ಪೊಲೀಸ್ ವೆರಿಫಿಕೇಶನ್. ರಿಪೋರ್ಟಿಗೆ ನಿಯಮದಲ್ಲಿ ಮೂವತ್ತು ದಿನ ಅಂತಿದೆ, ನೀವು ಕ್ಯಾಲೆಂಡರ್ ನೋಡ್ತಾ ಕೂರ್ಬೇಡಿ. ನನ್ನ ಸರದಿಗೆ ಬಂದ ಪೊಲೀಸರು ಮಲಯಾಳಿ, ಚಾವಡಿಯಲ್ಲಿ ಕೂತು "ಎಂದಿನಾ?" ಅಂತ ಒಂದೇ ಮಾತು ಕೇಳಿದ್ರು. ಅಂದ್ರೆ ಯಾಕೆ ಬೇಕು ಅಂತ. ನಾನು ಕನ್ನಡ, ಮಲಯಾಳ ಎರಡೂ ಕಲಸಿ ಅಪ್ಪನ ಕಾಲದ ಕಥೆ ಹೇಳ್ಲಿಕ್ಕೆ ಶುರುಮಾಡಿದೆ, ಅವ್ರು ಕೈ ಎತ್ತಿ, ಅಪ್ಪನದ್ದು ಬೇಡ ನಿನ್ನದ್ದು ಹೇಳು ಅಂದ್ರು. ಸರಿಯಾದ ಪ್ರಶ್ನೆ. ನೆರೆಮನೆಯಲ್ಲೂ ವಿಚಾರಿಸ್ತಾರೆ, ಜಾಗದ ತಕರಾರು ಇದ್ರೆ ಅದೂ ಬರ್ತದೆ.

ರಿಜೆಕ್ಟ್ ಮಾಡಿದ್ರೆ ಕಾರಣ ಬರೆದು ದಾಖಲಿಸ್ಬೇಕು, ಅಪೀಲಿಗೆ ಸೆಕ್ಷನ್ 18 ಉಂಟು. ಸಿಕ್ಕಿದ್ರೆ ನಿಮ್ಮ ಹೆಸರಿಗೆ ಒಂದು ಯುಐಎನ್ ನಂಬರ್ ಬರ್ತದೆ, ಅದು ದೇಶದ ಡೇಟಾಬೇಸಲ್ಲಿ ಇರುದು, ಆ ನಂಬರ್ ಇಲ್ಲದ ಹಳೆ ಪುಸ್ತಕಕ್ಕೆ ಈಗ ಬೆಲೆ ಇಲ್ಲ. 2019ರ ತಿದ್ದುಪಡಿ ಮೇಲೆ ಲೈಸೆನ್ಸ್ ಅವಧಿ ಐದು ವರ್ಷ, ಒಬ್ಬರಿಗೆ ಎರಡೇ ಆಯುಧ. ಮೊದ್ಲು ಮೂರು ಇತ್ತು.

ಅಪ್ಪನ ಆಯುಧ ಮಕ್ಕಳ ಹೆಸರಿಗೆ ಮಾಡುದಾದ್ರೆ ಅವ್ರು ತೀರಿಹೋಗುವ ತನಕ ಕಾಯ್ಬೇಕಿಲ್ಲ. ಲೈಸೆನ್ಸ್‌ದಾರರಿಗೆ ಎಪ್ಪತ್ತು ವರ್ಷ ಆದ್ರೆ ಅಥವಾ ಆಯುಧ ಇಟ್ಟು 25 ವರ್ಷ ಆದ್ರೆ, ಯಾವುದು ಮೊದ್ಲೋ ಅದು, ವಾರಸುದಾರರಿಗೆ ಕೊಡ್ಲಿಕ್ಕೆ ಅವಕಾಶ ಉಂಟು. ಆದ್ರೂ ವಾರಸುದಾರ ಹೊಸದಾಗಿ ಅರ್ಜಿ ಹಾಕಿ ಇದೇ ಪೂರ್ತಿ ದಾರಿ ನಡೀಲೇಬೇಕು.

ಯಾವ ರಿವಾಲ್ವರ್

ಯೂಟ್ಯೂಬಲ್ಲಿ ಅಮೆರಿಕದವರು ತೋರಿಸುವ ಸಣ್ಣ ರಿವಾಲ್ವರ್‌ಗಳು ಉಂಟಲ್ಲ, ಸ್ಮಿತ್ ಆಂಡ್ ವೆಸನ್‌ನವರು 1950ರಲ್ಲಿ ಐದು ಗುಂಡಿನದ್ದೊಂದು ತಂದ್ರು, ಆ ಜಾತಿಯದ್ದು, ಅದು ಪಾಯಿಂಟ್ 38. ನಮ್ಮ ದೇಶದಲ್ಲಿ ಪಾಯಿಂಟ್ 38, ಒಂಬತ್ತು ಎಂಎಂ, ಪಾಯಿಂಟ್ 45 ಎಲ್ಲ ನಿಷೇಧಿತ ಬೋರ್, ಬೋರ್ ಅಂದ್ರೆ ಕೊಳವೆಯ ಒಳಗಿನ ಅಳತೆ. ಸಾಮಾನ್ಯರಿಗೆ ಹೆಚ್ಚಾಗಿ ಸಿಗುದು ಪಾಯಿಂಟ್ 32 ಮತ್ತು ಪಾಯಿಂಟ್ 22. ವಿಡಿಯೋ ನೋಡಿ ಆಸೆ ಪಟ್ಟು ಅಂಗಡಿಯಲ್ಲಿ ಹೆಸರು ಹೇಳಿದ್ರೆ ನಗ್ತಾರೆ.

ಸರಕಾರಿ ಕಾರ್ಖಾನೆಯದ್ದು ಮುಖ್ಯವಾಗಿ ಕಾನ್ಪುರದಿಂದ ಬರುದು. 2014ರಲ್ಲಿ ಬಂದ ನಿರ್ಭೀಕ್, ಪಾಯಿಂಟ್ 32, ಅರ್ಧ ಕಿಲೋ ತೂಕ, ಹೆಂಗಸರಿಗೆ ಅಂತ ಪ್ರಚಾರ ಮಾಡಿದ್ರು, ಆಗಲೇ ಬೆಲೆ ಒಂದು ಲಕ್ಷ ಇಪ್ಪತ್ತೆರಡು ಸಾವಿರ ಚಿಲ್ಲರೆ. 2023ರಲ್ಲಿ ಪ್ರಬಲ್ ಅಂತ ಬಂತು, ಅದ್ರಲ್ಲಿ ಸಿಲಿಂಡರ್, ಅಂದ್ರೆ ಗುಂಡು ತುಂಬುವ ತಿರುಗುವ ಉರುಳೆ, ಪಕ್ಕಕ್ಕೆ ತೆರೀತದೆ. ಹಳೆಯದ್ದು ನಡು ಮುರಿದು ತೆರೆಯುವ ವೆಬ್ಲಿ ಮಾದರಿ, ನನ್ನದ್ದೂ ಅದೇ. ಪಾಯಿಂಟ್ 22ರಲ್ಲಿ ನಿಡರ್ ಅಂತ ಕಾಲು ಕಿಲೋದ್ದು ಉಂಟು, ಹಗುರ, ಆದ್ರೆ ಪೆಟ್ಟೂ ಹಗುರ.

ಅಂಗಡಿಯಲ್ಲಿ ನೋಡ್ಬೇಕಾದ್ದು ಬೆಲೆಗಿಂತ ಮೊದ್ಲು ಕೈ. ಹಿಡಿ ನಿಮ್ಮ ಅಂಗೈಗೆ ಸರಿ ಕೂರ್ತದಾ, ತೋರುಬೆರಳಿನ ತುದಿ ಟ್ರಿಗರಿಗೆ ನೆಟ್ಟಗೆ ಮುಟ್ತದಾ ನೋಡಿ. ಹ್ಯಾಮರ್ (ಗುಂಡಿಗೆ ಪೆಟ್ಟು ಕೊಡುವ ಹಿಂದಿನ ಸುತ್ತಿಗೆ) ಎಳೆಯದೆ ಟ್ರಿಗರ್ ಒತ್ತಿದ್ರೆ ಅದು ಭಾರ ಇರ್ತದೆ, ಅರ್ಧದಲ್ಲಿ ಬೆರಳು ನಡುಗಿ ಕೊಳವೆ ಓಲಾಡಿದ್ರೆ ನಿಮಗೆ ಆ ಪೀಸ್ ಆಗುದಿಲ್ಲ. ಸೆಕೆಂಡ್ ಹ್ಯಾಂಡ್ ವಿದೇಶಿ ಪೀಸ್ ಅಂತ ಯಾರಾದ್ರೂ ಆಸೆ ತೋರಿಸಿದ್ರೆ ಅದರ ಕಾಗದ, ನಂಬರ್, ಮಾರುವವನ ಲೈಸೆನ್ಸ್ ಮೂರೂ ತಾಳೆ ನೋಡಿಯೇ. ತಗೊಂಡ ಮೇಲೆ ಆಯುಧವನ್ನು ಲೈಸೆನ್ಸ್ ಆಫೀಸಿಗೆ ತೋರಿಸಿ ನಂಬರ್ ಪುಸ್ತಕದಲ್ಲಿ ಹತ್ತಿಸ್ಬೇಕು. ಗುಂಡು ಎಷ್ಟು ಇಡ್ಬಹುದು ಅಂತ ಅದೇ ಪುಸ್ತಕದಲ್ಲಿ ಬರೆದಿರ್ತದೆ, ಅದಕ್ಕಿಂತ ಒಂದೂ ಹೆಚ್ಚು ಬೇಡ.

ಗಡಿ: ಇದೊಂದನ್ನು ಎರಡು ಸಲ ಓದಿ

ನಮಗೆ ಗಡಿ ಅನ್ನುದು ಮನಸ್ಸಲ್ಲಿ ಇಲ್ಲ. ಆಸ್ಪತ್ರೆಗೆ ಮಂಗಳೂರು, ಮದುವೆ ಜವುಳಿಗೆ ಪುತ್ತೂರು, ಮಕ್ಕಳ ಕಾಲೇಜು ಆಚೆ, ದೇವರ ಹರಕೆ ಈಚೆ. 2020ರ ಮಾರ್ಚಲ್ಲಿ ದಾರಿಗೆ ಮಣ್ಣು ಹಾಕಿ ಮುಚ್ಚಿದಾಗ ಮಾತ್ರ ಓಹೋ ಇಲ್ಲೊಂದು ಗೆರೆ ಉಂಟು ಅಂತ ಗೊತ್ತಾದ್ದು. ನಿಮ್ಮ ಲೈಸೆನ್ಸಿಗೆ ಆ ಗೆರೆ ದಿನಾ ಉಂಟು. ಪುಸ್ತಕದಲ್ಲಿ ಏರಿಯಾ ಅಂತ ಒಂದು ಕಡೆ ಬರೆದಿರ್ತಾರೆ, ಜಿಲ್ಲೆ, ಕೇರಳ ಅಥವಾ ಇಡೀ ಭಾರತ. ಕೇರಳ ಅಂತಿದ್ರೆ ತಲಪಾಡಿ ದಾಟಿದ ಕೂಡ್ಲೇ, ಸಾರಡ್ಕ ದಾಟಿದ ಕೂಡ್ಲೇ, ಮುಳ್ಳೇರಿಯದಿಂದ ಜಾಲ್ಸೂರು ಕಡೆ ಇಳಿದ ಕೂಡ್ಲೇ ನಿಮ್ಮ ಸೊಂಟದ್ದು ಕಾನೂನಿನ ಹೊರಗೆ. ಲೈಸೆನ್ಸ್ ಶರತ್ತು ಮುರಿದ್ರೆ ಸೆಕ್ಷನ್ 30, ಲೈಸೆನ್ಸೇ ಇಲ್ಲದ ಕೋವಿ ಅಂತ ಸೆಕ್ಷನ್ 25ಕ್ಕೆ ಎಳೆದ್ರೆ ಎರಡರಿಂದ ಐದು ವರ್ಷ ಜೈಲಿನ ಮಾತು, ಮತ್ತೆ ಲೈಸೆನ್ಸ್ ರದ್ದಾಗುದು ಬೇರೆ.

ಇಡೀ ಭಾರತಕ್ಕೆ ಬೇಕು ಅಂತಾದ್ರೆ ಮೊದ್ಲ ಅರ್ಜಿಯಲ್ಲೇ ಕಾರಣ ಸಮೇತ ಕೇಳಿ, ನಿಮ್ಮ ವ್ಯಾಪಾರ ವಿಟ್ಲ, ಪುತ್ತೂರಿಗೆ ಉಂಟು ಅನ್ನುವ ಬಿಲ್ಲು, ಜಿಎಸ್‌ಟಿ ಕಾಗದ ಇಟ್ಟು. ಸಿಗದಿದ್ರೆ ಆಚೆ ಹೋಗುವ ದಿನ ಆಯುಧ ಮನೆಯಲ್ಲಿ. ಬೇರೆ ದಾರಿ ಇಲ್ಲ.

ನನಗೆ ಆದ್ದು ಕೇಳಿ. ಮಳೆಗಾಲ, ರಾತ್ರಿ ಒಂಬತ್ತೂವರೆ, ಅಂಗಡಿಯಿಂದ ಬಂದು ಕೈಕಾಲು ತೊಳೀಲಿಲ್ಲ, ಅಪ್ಪನಿಗೆ ಎದೆನೋವು. ಕಾರಿಗೆ ಹತ್ತಿಸಿ, ಹಿಂದೆ ಅಮ್ಮ ಮತ್ತೆ ಹೆಂಡತಿ, ವೈಪರ್ ಹಾಕಿ ಮಂಗಳೂರಿಗೆ ಹೊರಟೆ. ಅಡ್ಕಸ್ಥಳದ ಹತ್ರ ಗೇರ್ ಬದಲಿಸುವಾಗ ಸೀಟ್ ಬೆಲ್ಟಿನ ಕೆಳಗೆ ಗಟ್ಟಿ ಒಂದು ಚುಚ್ಚಿತು. ರಿವಾಲ್ವರ್. ನನ್ನದ್ದು ಕೇರಳಕ್ಕೆ ಮಾತ್ರ. ಮುಂದೆ ಹೋಗುವ ಹಾಗಿಲ್ಲ, ಕಾರಲ್ಲಿ ಬಿಡುವ ಹಾಗಿಲ್ಲ, ಯಾರದ್ದೋ ಮನೆಯಲ್ಲಿ "ಸ್ವಲ್ಪ ಇಟ್ಕೊಳ್ಳಿ" ಅಂತ ಕೊಡ್ಲಿಕ್ಕೂ ಇಲ್ಲ, ಲೈಸೆನ್ಸ್ ಇಲ್ಲದವರ ಕೈಯಲ್ಲಿ ಕೊಟ್ಟದ್ದೇ ಇನ್ನೊಂದು ಕೇಸು. ಭಾವನಿಗೆ ಫೋನ್ ಮಾಡಿದೆ, ಅವ್ನು ಬೈಕಲ್ಲಿ ಬಂದು ಸ್ಟಿಯರಿಂಗ್ ಹಿಡಿದು ಅಪ್ಪನನ್ನು ಕರ್ಕೊಂಡು ಹೋದ, ನಾನು ಅವ್ನ ಬೈಕಲ್ಲಿ ಮಳೆಯಲ್ಲಿ ನೆನೀತಾ ಮನೆಗೆ ವಾಪಾಸು ಬಂದು, ಪೆಟ್ಟಿಗೆಯಲ್ಲಿ ಇಟ್ಟು ಬೀಗ ಹಾಕಿ, ಮತ್ತೆ ಹೊರಟೆ. ಅಪ್ಪನ ಸ್ಟ್ರೆಚರ್ ಹತ್ರ ನಿಲ್ಬೇಕಾದ ಮುಕ್ಕಾಲು ಗಂಟೆ ಹಾಗೆ ಹೋಯ್ತು. ಅಪ್ಪ ಹುಷಾರಾದ್ರು. ಆ ದಿನದಿಂದ ಮನೆಗೆ ಕಾಲಿಟ್ಟ ಕೂಡ್ಲೇ ಮೊದಲ ಕೆಲ್ಸ ರಿವಾಲ್ವರ್ ಇಳಿಸುದು, ಚಪ್ಪಲಿ ಬಿಡುದು ಆಮೇಲೆ.

ಹೋಲ್‌ಸ್ಟರ್, ಮತ್ತೆ ಮುಂಡಿನ ಸಮಸ್ಯೆ

ಸಾರ್ವಜನಿಕ ಜಾಗದಲ್ಲಿ ಕೈಬಂದೂಕು ಹೋಲ್‌ಸ್ಟರಲ್ಲೇ, ಅಂದ್ರೆ ಅದರ ಒರೆಯಲ್ಲೇ ಇರ್ಬೇಕು, ಪೂರ್ತಿ ಮುಚ್ಚಿರ್ಬೇಕು, ನಿಮ್ಮ ಹಿಡಿತದಲ್ಲಿರ್ಬೇಕು ಅಂತ ನಿಯಮವೇ ಉಂಟು. ತೋರಿಸಿ ತಿರುಗುದು ಅಪರಾಧ. ಪ್ಯಾಂಟಿನ ಕಿಸೆಯಲ್ಲಿ ಹಾಗೇ ಹಾಕಿ, ಅದೇ ಕಿಸೆಯಲ್ಲಿ ಬೀಗದ ಕೈ ಗೊಂಚಲು, ಚಿಲ್ಲರೆ, ಹೀಗೆ ಇಡುವವರನ್ನು ನೋಡಿದ್ದೇನೆ. ಬೀಗದ ಕೈ ಟ್ರಿಗರ್ ಬಳೆಯ ಒಳಗೆ ನುಗ್ಗಿದ್ರೆ ತೊಡೆ ಹೋಯ್ತು. ಹೋಲ್‌ಸ್ಟರ್ ಟ್ರಿಗರನ್ನು ಪೂರ್ತಿ ಮುಚ್ಚುವಂತದ್ದು, ತಲೆಕೆಳಗೆ ಮಾಡಿ ಅಲ್ಲಾಡಿಸಿದ್ರೂ ಬೀಳದ್ದು, ಅಷ್ಟು ಗಟ್ಟಿ ಬೇಕು. ಖಾಲಿ ರಿವಾಲ್ವರ್ ಹಾಕಿ ಮಂಚದ ಮೇಲೆ ಪರೀಕ್ಷೆ ಮಾಡಿ.

ಈಗ ಮುಂಡು. ನಮ್ಮಲ್ಲಿ ಅರ್ಧ ಜನ ಮುಂಡು, ಲುಂಗಿ. ಮುಂಡಿಗೆ ಬೆಲ್ಟ್ ಎಲ್ಲಿ? ಮಡಚಿ ಮೊಣಕಾಲ ಮೇಲೆ ಕಟ್ಟಿದ್ರೆ ಸೊಂಟದ ಗಂಟೇ ಸಡಿಲ, ಅದರ ಮೇಲೆ ಮುಕ್ಕಾಲು ಕಿಲೋ ಹತ್ರ ತೂಕ. ಒಂದು ಮದುವೆ ಊಟದ ಹಂತಿಯಲ್ಲಿ ಒಬ್ರು ಕೂರುವಾಗ ಠಪ್ ಅಂತ ಬಿದ್ದದ್ದು ನಾನೇ ಕಂಡದ್ದು, ಬಾಳೆ ಎಲೆ ಎದುರು ಎಲ್ಲರೂ ಹೋಳಿಗೆ ಕೈಯಲ್ಲಿ ಹಿಡಿದು ಹಾಗೇ ಕೂತಿದ್ರು, ಬಡಿಸುವವ ತುಪ್ಪದ ಗಿಂಡಿ ಹಿಡಿದು ಹಿಂದೆ ಸರಿದ. ಮದುವೆಗೆ ಯಾಕೆ ತರ್ಬೇಕಿತ್ತು ಅನ್ನುದು ಬೇರೆ ವಿಷಯ. ಮುಂಡು ಉಡುವವರು ಒಳಗೆ ದಪ್ಪ ಕಿಸೆಬೆಲ್ಟ್ ಕಟ್ಟುವ ಅಭ್ಯಾಸ ಉಂಟಲ್ಲ, ಆ ಹಸಿರು ಅಗಲ ಬೆಲ್ಟ್, ಅದಕ್ಕೆ ಹೋಲ್‌ಸ್ಟರ್ ಸಿಕ್ಕಿಸಿ ಮೇಲೆ ಅಂಗಿ ಇಳಿಬಿಟ್ರೆ ನಿಲ್ತದೆ. ಆದ್ರೂ ನನ್ನ ಸಲಹೆ, ಆಯುಧ ಇಟ್ಕೊಳ್ಳುವ ದಿನ ಪ್ಯಾಂಟ್ ಹಾಕಿ.

ಸ್ಕೂಟರಿನ ಸೀಟಿನಡಿ, ಕಾರಿನ ಡ್ಯಾಶ್‌ಬೋರ್ಡ್ ಡಬ್ಬಿ, ಇವು ಇಡುವ ಜಾಗ ಅಲ್ಲ. ಗಾಡಿ ಕದ್ರೆ ಆಯುಧವೂ ಹೋಯ್ತು, ಕಳೆದದ್ದು ಗೊತ್ತಾದ ಕೂಡ್ಲೇ ಸ್ಟೇಶನ್‌ಗೆ ತಿಳಿಸ್ಬೇಕು. ಲೈಸೆನ್ಸ್ ಪುಸ್ತಕ ಆಯುಧದ ಜೊತೆಗೇ ಬೇಕು, ಪೊಲೀಸರು ಕೇಳಿದ್ರೆ ತೋರಿಸ್ಲೇಬೇಕು. ತೋರಿಸುವಾಗ ಕೈ ಸೊಂಟದ ಹತ್ರ ಒಯ್ಯಬೇಡಿ, "ಸಾರ್, ನನ್ನ ಹತ್ರ ಲೈಸೆನ್ಸ್ ಇರುವ ಆಯುಧ ಉಂಟು" ಅಂತ ಬಾಯಲ್ಲಿ ಮೊದ್ಲು ಹೇಳಿ. ವಿಮಾನಕ್ಕೆ ಕೈಚೀಲದಲ್ಲಿ ಒಯ್ಯುದು ಕೇಳ್ಲೇಬೇಡಿ.

ತುಂಬುದು, ಇಳಿಸುದು, ಅಭ್ಯಾಸ

ಯಾವಾಗ್ಲೂ ತುಂಬಿದೆ ಅಂತಲೇ ಹಿಡೀರಿ. ಕೊಳವೆ ಯಾರ ಕಡೆಗೂ ಬೇಡ, ನಿಮ್ಮ ಕಾಲಿನ ಕಡೆಗೂ ಬೇಡ. ಈಡು ಬಿಡುವ ನಿರ್ಧಾರ ಆಗುವ ತನಕ ಬೆರಳು ಟ್ರಿಗರಿನ ಹೊರಗೆ, ನೆಟ್ಟಗೆ. ಎದುರಿನವನ ಹಿಂದೆ ಯಾರಿದ್ದಾರೆ ನೋಡಿ, ಗುಂಡು ಅಲ್ಲಿಗೇ ನಿಲ್ಲುದಿಲ್ಲ.

ಹಳೆ ಮಾದರಿಯ ಕೆಲವು ರಿವಾಲ್ವರಲ್ಲಿ ಹ್ಯಾಮರಿಗೆ ತಡೆ ಇರುದಿಲ್ಲ, ಕೆಳಗೆ ಬಿದ್ದು ಹ್ಯಾಮರಿಗೆ ಪೆಟ್ಟಾದ್ರೆ ಈಡು ಹಾರ್ತದೆ. ನಿಮ್ಮದ್ರಲ್ಲಿ ತಡೆ ಉಂಟಾ ಅಂತ ಕೋವಿ ಮೆಕ್ಯಾನಿಕ್ ಹತ್ರ ಬಿಚ್ಚಿಸಿ ನೋಡಿ, ಇಲ್ಲದಿದ್ರೆ ಹ್ಯಾಮರಿನ ಎದುರಿನ ಕೋಣೆ ಖಾಲಿ ಬಿಟ್ಟು ಆರರ ಜಾಗದಲ್ಲಿ ಐದೇ ಗುಂಡು ತುಂಬಿ. ಅಪ್ಪ ಯಾವತ್ತೂ ಐದೇ ತುಂಬ್ತಿದ್ರು, ನಾನು ಜಿಪುಣತನ ಅಂತ ತಿಳ್ಕೊಂಡಿದ್ದೆ. ಹ್ಯಾಮರ್ ಎಳೆದಿಟ್ಟು ಮಾತ್ರ ತಿರುಗ್ಬೇಡಿ, ಆಗ ಟ್ರಿಗರಿಗೆ ಸ್ವಲ್ಪ ತಾಗಿದ್ರೂ ಈಡು ಹಾರ್ತದೆ.

ಸಣ್ಣ ಕೊಳವೆಯದ್ರಲ್ಲಿ ಗುರಿ ಹಿಡಿಯುದು ಕಷ್ಟ, ಐದಾರು ಮೀಟರಲ್ಲೇ ತಪ್ತದೆ. ತೋಟದಲ್ಲಿ ಅಡಿಕೆ ಮರಕ್ಕೆ ಹೊಡೆದು ಅಭ್ಯಾಸ ಮಾಡ್ಲಿಕ್ಕೆ ಹೋಗ್ಬೇಡಿ, ನೆರೆಯವರು ಫೋನ್ ಮಾಡ್ತಾರೆ, ಮಾಡ್ಬೇಕಾದ್ದೂ ಹೌದು. ರೈಫಲ್ ಅಸೋಸಿಯೇಶನ್ ರೇಂಜಿಗೆ ಹೋಗಿ ಅಲ್ಲಿಯ ಕೋಚ್ ಎದುರು ಹೊಡೀರಿ. ಮನೆಯಲ್ಲಿ ಖಾಲಿ ಅಭ್ಯಾಸ ಮಾಡುದಾದ್ರೆ ಗುಂಡೆಲ್ಲ ಬೇರೆ ಕೋಣೆಯಲ್ಲಿ ಇಟ್ಟು ಬಾಗಿಲು ಹಾಕಿ, ಸಿಲಿಂಡರ್ ಕಣ್ಣಿಂದ ನೋಡಿ, ಬೆರಳಿಂದ ಮುಟ್ಟಿ, ಮತ್ತೆ ಶುರು. ಡಮ್ಮಿ ಗುಂಡು ಹಾಕಿದ್ರೆ ಒಳ್ಳೇದು, ಪಾಯಿಂಟ್ 22ನ್ನು ಹಾಗೇ ಖಾಲಿ ಒತ್ತಿದ್ರೆ ಪಿನ್ ಹಾಳಾಗ್ತದೆ.

ಮಳೆಗಾಲ

ಇದು ಹೊರಗಿನವರು ಯಾರೂ ಬರೆಯದ ವಿಷಯ. ಜೂನಿಂದ ನಮ್ಮಲ್ಲಿ ಹಪ್ಪಳವೇ ಮೆತ್ತಗಾಗ್ತದೆ, ಕಬ್ಬಿಣ ಕೇಳ್ಬೇಕಾ. ಮೇಲಿಂದ ಬೆವರು, ಕಡಲ ಬದಿಯವರಿಗೆ ಉಪ್ಪು ಗಾಳಿ. ಚರ್ಮದ ಹೋಲ್‌ಸ್ಟರಲ್ಲಿ ರಾತ್ರಿ ಇಡ್ಬೇಡಿ, ಚರ್ಮ ನೀರು ಹಿಡಿದಿಡ್ತದೆ. ಮೊದ್ಲ ಆಟಿಯಲ್ಲಿ ನಾನು ಹಾಗೆ ಇಟ್ಟು ಹದಿನೈದು ದಿನ ಬಿಟ್ಟು ತೆಗೆದ್ರೆ ಹಿಡಿಯ ಕೆಳಗೆ ಕುಂಕುಮ ಬಣ್ಣದ ತುಕ್ಕು. ಮೈಮೇಲೆ ಇದ್ದ ದಿನ ಒಣಬಟ್ಟೆಯಲ್ಲಿ ಒರೆಸಿ ತೆಳ್ಳಗೆ ಕೋವಿ ಎಣ್ಣೆ, ವಾರಕ್ಕೊಮ್ಮೆ ಕೊಳವೆ, ಸಿಲಿಂಡರಿನ ಕೋಣೆ ಪೂರ್ತಿ. ತೆಂಗಿನೆಣ್ಣೆ ಬೇಡ ಮಾರಾಯ್ರೆ, ಅಂಟಾಗ್ತದೆ. ಗುಂಡಿಗೆ ಎಣ್ಣೆ ತಾಗ್ಬಾರ್ದು. ಪೆಟ್ಟಿಗೆಯಲ್ಲಿ ನಾಲ್ಕು ಸಿಲಿಕಾ ಜೆಲ್ ಪ್ಯಾಕೆಟ್ ಹಾಕಿ.

ಆ ಪೆಟ್ಟಿಗೆ ಗೋಡೆಗೆ ಬೋಲ್ಟ್ ಹಾಕಿದ ಕಬ್ಬಿಣದ್ದಿರ್ಲಿ, ಗುಂಡು ಬೇರೆ ಬೀಗದಲ್ಲಿ. ಬೀಗದ ಕೈ ದೇವರ ಕೋಣೆಯ ಮೊಳೆಯಲ್ಲಿ ನೇತು ಹಾಕಿದ್ರೆ ಮನೆಯ ಆರು ವರ್ಷದ ಮಗುವಿಗೂ ಗೊತ್ತಿರ್ತದೆ.

ಚುನಾವಣೆ ಬಂದ್ರೆ

ನೀತಿಸಂಹಿತೆ ಬಂದ ಮೇಲೆ ಆಯುಧ ಸ್ಟೇಶನ್‌ನಲ್ಲಿ ಡೆಪಾಸಿಟ್ ಮಾಡ್ಲಿಕ್ಕೆ ನೋಟೀಸ್ ಬರ್ತದೆ. 2024ರ ಏಪ್ರಿಲ್ 26ಕ್ಕೆ ನಮಗೂ ದಕ್ಷಿಣ ಕನ್ನಡಕ್ಕೂ ಒಂದೇ ದಿನ ವೋಟು, ಎರಡೂ ಕಡೆ ಸ್ಟೇಶನ್‌ನಲ್ಲಿ ಕೋವಿ ರಾಶಿ. ರಶೀದಿಯಲ್ಲಿ ನಂಬರ್ ಸರಿ ಬರೆದಿದ್ದಾರಾ ಓದಿ, ಎಣ್ಣೆ ಹಾಕಿ ಪ್ಲಾಸ್ಟಿಕ್‌ನಲ್ಲಿ ಸುತ್ತಿ ಕೊಡಿ.

ತೆಗೆಯುದು ಯಾವಾಗ

ಈ ಪ್ರಶ್ನೆಗೆ ಉತ್ತರ ಸೊಂಟದಲ್ಲಿ ಇಲ್ಲ, ಭಾರತೀಯ ನ್ಯಾಯ ಸಂಹಿತೆಯಲ್ಲಿ ಉಂಟು. 2024ರ ಜುಲೈ 1ರಿಂದ ಐಪಿಸಿಯ ಜಾಗಕ್ಕೆ ಬಂದದ್ದು, ಸೆಕ್ಷನ್ 34ರಿಂದ 44ರ ತನಕ ಸ್ವರಕ್ಷಣೆಯ ಹಕ್ಕು. ಪೊಲೀಸರ ಹತ್ರ ಹೋಗ್ಲಿಕ್ಕೆ ಸಮಯ ಇದ್ರೆ ಹಕ್ಕಿಲ್ಲ, ಬೇಕಾದ್ದಕ್ಕಿಂತ ಹೆಚ್ಚು ಪೆಟ್ಟು ಕೊಡುವ ಹಕ್ಕಿಲ್ಲ, ಇದು 37. ಎದುರಿನವನ ಜೀವ ಹೋಗುವಷ್ಟರ ತನಕ ಹಕ್ಕು ಯಾವಾಗ ಅಂದ್ರೆ ನಿಮ್ಮ ಪ್ರಾಣ ಹೋಗುವ ಅಥವಾ ತೀವ್ರ ಗಾಯ ಆಗುವ ಭಯ, ಅತ್ಯಾಚಾರ, ಅಪಹರಣ, ಆಸಿಡ್ ದಾಳಿ, ಹೀಗೆ ಕೆಲವೇ ಸಂದರ್ಭ 38ರಲ್ಲಿ ಪಟ್ಟಿ ಮಾಡಿದ್ದಾರೆ. ಅಡಿಕೆ ಕದ್ದು ಗೋಣಿ ಹೊತ್ತು ಓಡುವವನ ಬೆನ್ನಿಗೆ ಹೊಡೆದ್ರೆ ನೀವು ಕೊಲೆ ಆರೋಪಿ, ಮಾಲೀಕ ಅಲ್ಲ. ಬಾಯಿಜಗಳ, ಗಡಿಕಲ್ಲಿನ ತಕರಾರು, ಓವರ್‌ಟೇಕ್ ಮಾಡಿದವನಿಗೆ ಹೆದರಿಸುದು, ಇದ್ಯಾವುದಕ್ಕೂ ಹೊರಗೆ ತೆಗೀಬಾರ್ದು. ಜಾತ್ರೆ, ಮದುವೆಯಲ್ಲಿ ಖುಷಿಗೆ ಗಾಳಿಗೆ ಹೊಡೆದು ಬೇರೆಯವರ ಜೀವಕ್ಕೆ ಅಪಾಯ ತಂದ್ರೆ 2019ರ ತಿದ್ದುಪಡಿಯಲ್ಲಿ ಎರಡು ವರ್ಷದ ತನಕ ಜೈಲು, ಲಕ್ಷದ ತನಕ ದಂಡ.

ಓಡ್ಲಿಕ್ಕೆ ದಾರಿ ಇದ್ರೆ ಓಡಿ, ಚೀಲ ಬಿಸಾಡಿ ಓಡಿ. ನಾನು ಇಷ್ಟು ವರ್ಷದಲ್ಲಿ ಒಂದೇ ಸಲ ಕೈ ಅಂಗಿಯ ಕೆಳಗೆ ಒಯ್ದದ್ದು, ರಾತ್ರಿ ಗುಡ್ಡೆ ತಿರುವಲ್ಲಿ ಇಬ್ರು ಬೈಕ್ ಅಡ್ಡ ನಿಲ್ಲಿಸಿದ್ರು. ಹತ್ರ ಬಂದ್ರೆ ಪೆಟ್ರೋಲ್ ಮುಗಿದು ನಿಂತ ಹುಡುಗರು, ಒಬ್ಬ ನಮ್ಮ ಕೆಲ್ಸದವನ ಮಗ. ಅಣ್ಣಾ ಅರ್ಧ ಲೀಟರ್ ಸಿಗ್ತದಾ ಅಂತ ಕೇಳಿದ. ಮನೆಗೆ ಬಂದು ನೀರು ಕುಡೀವಾಗ ಲೋಟ ಹಲ್ಲಿಗೆ ತಾಗಿ ಟಕಟಕ ಅಂತಿತ್ತು.

ಅಕಸ್ಮಾತ್ ಈಡು ಹಾರಿಸ್ಬೇಕಾಗಿ ಬಂದ್ರೆ ಅಪಾಯ ಮುಗಿದ ಕೂಡ್ಲೇ ಆಯುಧ ಕೆಳಗೆ, 112ಕ್ಕೆ ಫೋನ್, ಆಂಬುಲೆನ್ಸ್ ಅವನಿಗೂ. ಗುಂಡಿನ ಖಾಲಿ ಚಿಪ್ಪು ಹೆಕ್ಕುದು, ಜಾಗ ತೊಳೆಯುದು ಬೇಡ. ಪೊಲೀಸರಿಗೆ ಆಯುಧ, ಪುಸ್ತಕ ಒಪ್ಪಿಸಿ, ಎಂತ ಆಯ್ತು ಅಂತ ಚುಟುಕಾಗಿ ಹೇಳಿ, ಉದ್ದ ಹೇಳಿಕೆ ವಕೀಲರು ಬಂದ ಮೇಲೆ.

ರಿನ್ಯೂವಲ್ ಮರೀಬೇಡಿ. ಅವಧಿ ಮುಗಿಯುವ ಅರುವತ್ತು ದಿನ ಮೊದ್ಲೇ ಅರ್ಜಿ ಹಾಕಿ, ಆ ತಾರೀಕನ್ನು ಫೋನಲ್ಲಿ ಮಾತ್ರ ಅಲ್ಲ, ಪೆಟ್ಟಿಗೆ ಬಾಗಿಲಿನ ಒಳಬದಿಯಲ್ಲೂ ಬರೆದು ಅಂಟಿಸಿ. ನನ್ನ ಪೆಟ್ಟಿಗೆಯಲ್ಲಿ ಆ ಚೀಟಿ ಪಕ್ಕ ಇನ್ನೊಂದು ಉಂಟು, ಹೆಂಡತಿಯ ಅಕ್ಷರದಲ್ಲಿ: "ಇವತ್ತು ಆಚೆ ಹೋಗ್ಲಿಕ್ಕುಂಟಾ?"